ಮೂರೂಕಾಲು ಅಧ್ಯಾಯದ ಲೆಕ್ಕ ಬಿಡಿ, ಬಾಯಿಬಿಟ್ಟು ಓದಿ

ಓದುಗರ ಪತ್ರ: "ಮೂರು ವರ್ಷದಿಂದ ಜನವರಿ ಒಂದಕ್ಕೆ ಸತ್ಯವೇದವನ್ನು ಆದಿಕಾಂಡದಿಂದ ಓದಲು ಕೂರುತ್ತೇನೆ. ಪ್ರತಿ ಸಲವೂ ತಿಂಗಳು ತುಂಬುವಷ್ಟರಲ್ಲಿ ನಿಂತುಹೋಗುತ್ತದೆ. ಈಗ ಮೊಬೈಲಿಗೆ ಬರುವ ದಿನದ ವಚನ ಓದಿ ಪ್ರಾರ್ಥನೆ ಮುಗಿಸುತ್ತೇನೆ. ಇಷ್ಟು ಸಾಲದೇ? ರಾತ್ರಿ ಮನಸ್ಸು ಭಾರವಾದಾಗ ಓದಲು ಒಂದು ಭಾಗವನ್ನೂ ತಿಳಿಸಿ."

ಸಂಪಾದಕರ ಉತ್ತರ: ಸಹೋದರಿ, ನೀವು ಎಡವಿದ್ದು ಎಲ್ಲಿ ಎಂದು ಪತ್ರದಲ್ಲಿ ಬರೆದಿಲ್ಲ, ಆದರೂ ಹೇಳಬಹುದು. 66 ಪುಸ್ತಕಗಳ ಸತ್ಯವೇದದಲ್ಲಿ 1,189 ಅಧ್ಯಾಯಗಳು. ವರ್ಷಕ್ಕೆ ಹಂಚಿದರೆ ದಿನಕ್ಕೆ ಮೂರೂಕಾಲು. ಈ ಲೆಕ್ಕದಲ್ಲಿ 23ನೇ ದಿನ ವಿಮೋಚನಕಾಂಡದ 25ನೇ ಅಧ್ಯಾಯ ಎದುರಾಗುತ್ತದೆ. ಅಲ್ಲಿಯವರೆಗೆ ಅಬ್ರಹಾಮ, ಯೋಸೇಫ, ಕೆಂಪು ಸಮುದ್ರ. ಅಲ್ಲಿಂದ ಮುಂದೆ ದೇವರ ಆರಾಧನೆಯ ಗುಡಾರದ ಅಳತೆಗಳು: ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲದ ಮಂಜೂಷ ಎಂಬ ಪವಿತ್ರ ಪೆಟ್ಟಿಗೆ, ಪರದೆ, ಕೊಂಡಿ, ಚೌಕಟ್ಟು. 36ರಿಂದ ಅದೇ ಅಳತೆ ಇನ್ನೊಮ್ಮೆ. ಅದು ಮುಗಿಯಿತು ಎನ್ನುವಷ್ಟರಲ್ಲಿ ಯಜ್ಞ, ಶುದ್ಧಿಗಳ ನಿಯಮ ತುಂಬಿದ ಯಾಜಕಕಾಂಡ. ನಿಮ್ಮ ಭಕ್ತಿಗೇನೂ ಆಗಿಲ್ಲ. ಕಥೆಯ ವೇಗದಲ್ಲಿ ಬಂದವರು ಅಳತೆಯ ಪಟ್ಟಿಗೆ ಡಿಕ್ಕಿ ಹೊಡೆದಿದ್ದೀರಿ, ಅಷ್ಟೆ.

ವರ್ಷದ ಪಟ್ಟಿಯಿಂದ ಉಪಯೋಗವೇ ಇಲ್ಲವೆಂದಲ್ಲ. ಅದಿಲ್ಲದಿದ್ದರೆ ಹಬಕ್ಕೂಕನೆಂಬ ಪ್ರವಾದಿಯ ಪುಟ್ಟ ಪುಸ್ತಕದ ಮುಖವನ್ನೇ ನೋಡದವರು ಎಷ್ಟೋ ಜನ. ಆದರೆ ಇಂದಿಗೂ ಬಳಕೆಯಲ್ಲಿರುವ ಇಂಥದೊಂದು ಪಟ್ಟಿಯನ್ನು 1842ರಲ್ಲಿ ಮಾಡಿಕೊಟ್ಟ ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಮರ್ರೆ ಮೆಕ್‌ಷೇನ್, ಅದರ ಅಪಾಯಗಳನ್ನೂ ಜೊತೆಗೇ ಬರೆದಿದ್ದರು: ಬರೀ ಶಾಸ್ತ್ರಕ್ಕೆ ಓದುವುದು, ಓದಿದೆನೆಂದು ಬೀಗುವುದು, ಗಮನವಿಲ್ಲದೆ ಓಡುವುದು, ಹೊರಲಾರದ ನೊಗವಾಗುವುದು. ಪಟ್ಟಿ ಊರೂರಿಗೆ ಹೋಯಿತು. ಎಚ್ಚರಿಕೆ ದಾರಿಯಲ್ಲೇ ಉದುರಿತು.

ದಿನದ ವಚನಕ್ಕೂ ಗೌರವದ ವಂಶಾವಳಿ ಇದೆ. ಜರ್ಮನಿಯ ಹೆರ್ನ್‌ಹುಟ್‌ ಊರಿನ ಮೊರಾವಿಯನ್ ಪಂಗಡದ ಕ್ರೈಸ್ತರು 1731ರಿಂದ ಅಂಥ ಪುಸ್ತಕ ಅಚ್ಚು ಹಾಕುತ್ತಿದ್ದಾರೆ. ಆದರೂ ಸಾಲದು ಎಂದೇ ನಮ್ಮ ಉತ್ತರ. ಕಾರಣ, ವಚನವೆಂಬ ತುಂಡು ಬರೆದವರದಲ್ಲ. ಅಧ್ಯಾಯಗಳ ವಿಭಾಗ 13ನೇ ಶತಮಾನದ ಆರಂಭದ ಇಂಗ್ಲಿಷ್ ಧರ್ಮಗುರು ಸ್ಟೀಫನ್ ಲ್ಯಾಂಗ್ಟನ್ ಅವರದು. ಹೊಸ ಒಡಂಬಡಿಕೆಯ ವಚನಸಂಖ್ಯೆಗಳು 1551ರಲ್ಲಿ ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ ಹಾಕಿದವು. ಹುಡುಕಲು ಅನುಕೂಲವಾಗಲೆಂದು ಹಾಕಿದ ಗುರುತಿನಲ್ಲೇ ಈಗ ಕತ್ತರಿ ಆಡಿಸುತ್ತಿದ್ದೇವೆ.

ಯೆರೆಮೀಯ 29:11ನ್ನೇ ನೋಡಿ. ಒಳ್ಳೆಯ ಭವಿಷ್ಯದ ಆ ಮಾತು ಗೋಡೆಗೋಡೆಯ ಮೇಲೂ ಇದೆ. ಅದರ ಹಿಂದಿನ ವಚನದಲ್ಲಿ ಎಪ್ಪತ್ತು ವರ್ಷ ಎಂದಿದೆ. ಇದು ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಬರೆದ ಪತ್ರ: ಮನೆ ಕಟ್ಟಿಕೊಳ್ಳಿ, ತೋಟ ಹಾಕಿಕೊಳ್ಳಿ, ಬೇಗ ಮರಳುವುದಿಲ್ಲ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆಂದು 28ನೇ ಅಧ್ಯಾಯದಲ್ಲಿ ಸಾರಿದ ಹನನ್ಯನನ್ನು ಯೆರೆಮೀಯನು ಸುಳ್ಳು ಪ್ರವಾದಿ ಎಂದ. 11ನ್ನು ಮಾತ್ರ ಕತ್ತರಿಸಿಕೊಂಡರೆ ಯೆರೆಮೀಯನ ಬಾಯಿಂದ ಹನನ್ಯನ ಮಾತು ಆಡಿಸಿದಂತಾಗುತ್ತದೆ. ವಚನ ಕತ್ತರಿಸುವುದರಲ್ಲಿ ಪಳಗಿದ ಇನ್ನೊಬ್ಬನೂ ಇದ್ದಾನೆ: ಮತ್ತಾಯ 4ರಲ್ಲಿ 91ನೇ ಕೀರ್ತನೆಯನ್ನು ಯೇಸುವಿನೆದುರು ಉದ್ಧರಿಸಿದವನು ಸೈತಾನ.

ಹಾಗಾದರೆ ಹೇಗೆ ಓದಬೇಕು? ಬಾಯಿಬಿಟ್ಟು. ಮೊದಲನೆಯ ಕೀರ್ತನೆ ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುವವನ ಬಗ್ಗೆ ಹೇಳುತ್ತದಲ್ಲ, ಅಲ್ಲಿನ ಹೀಬ್ರೂ ಪದ 'ಹಾಗಾ'. ಯೆಶಾಯ 31:4ರಲ್ಲಿ ಬೇಟೆಯ ಮೇಲೆ ನಿಂತ ಸಿಂಹದ ಗುರುಗುಡುವಿಕೆಗೂ ಅದೇ ಪದ. ಕಣ್ಣು ಮುಚ್ಚಿ ಸುಮ್ಮನೆ ಕೂರುವ ಧ್ಯಾನವಲ್ಲ ಅದು, ಗಂಟಲಿನ ಕೆಲಸ. ರಥದಲ್ಲಿ ಕೂತ ಐಥಿಯೋಪ್ಯದ ಕಂಚುಕಿ, ಅಂದರೆ ರಾಣಿಯ ಅಧಿಕಾರಿ, ಯೆಶಾಯನನ್ನು ಓದುತ್ತಿದ್ದುದು ಓಡಿಬಂದ ಸುವಾರ್ತಿಕ ಫಿಲಿಪ್ಪನಿಗೆ ಕೇಳಿಸಿದ್ದೂ ಅದಕ್ಕೇ.

ಫಿಲಿಪ್ಪಿಯವರಿಗೆ ಬರೆದ ಪತ್ರದಿಂದ ಆರಂಭಿಸಿ. ನಾಲ್ಕು ಅಧ್ಯಾಯ, 104 ವಚನ; ಬಿಡಿಸಿ ಓದಿದರೆ ಕಾಲು ಗಂಟೆಗಿಂತ ತುಸು ಹೆಚ್ಚು. ಒಂದು ವಾರ ದಿನಾ ಇಡೀ ಪತ್ರ ಓದಿ, ಬೇರೇನೂ ಬೇಡ. ಮೊದಲೆರಡು ದಿನ ಯಾರು, ಎಲ್ಲಿಂದ, ಯಾರಿಗೆ ಬರೆಯುತ್ತಿದ್ದಾರೆ ಎಂದಷ್ಟೇ ಗಮನಿಸಿ: ಬರೆಯುವ ಪೌಲನು ಬೇಡಿಯಲ್ಲಿದ್ದಾನೆ. ಮೂರನೆಯ ದಿನದಿಂದ ಮರುಕಳಿಸುವ ಪದಗಳನ್ನು ಚೀಟಿಯಲ್ಲಿ ಬರೆಯಿರಿ. 'ಸಂತೋಷ' ತಾನಾಗಿ ಮೇಲೆ ಬರುತ್ತದೆ. ಐದನೆಯ ದಿನಕ್ಕೆ ಬೇಸರ ಬರುತ್ತದೆ, ಅಲ್ಲಿ ಬಿಡಬೇಡಿ. ಗೊತ್ತಿರುವ ಮಾತು ಎಂದು ಕಣ್ಣು ಹಾರಿಸುತ್ತಿದ್ದ ಸಾಲುಗಳು ಕಿವಿಗೆ ಬೀಳುವುದು ಆಮೇಲೆಯೇ. ಗೆರೆ ಎಳೆದ ಹಳೆಯ ಪ್ರತಿ ಮಾತ್ರ ಬೇಡ. ಕಣ್ಣು ಗೆರೆಯಿಂದ ಗೆರೆಗೆ ಹಾರಿ ನಡುವಿನದನ್ನು ನುಂಗಿಬಿಡುತ್ತದೆ.

12ನೇ ಶತಮಾನದ ಸನ್ಯಾಸಿ ಎರಡನೇ ಗ್ವಿಗೋ ಇದನ್ನು ನಾಲ್ಕು ಮೆಟ್ಟಿಲ ಏಣಿ ಎಂದರು: ಓದು, ಮನನ, ಪ್ರಾರ್ಥನೆ, ದೇವರ ಮುಂದೆ ಸುಮ್ಮನಿರುವುದು. ನಮ್ಮಲ್ಲಿ ಹೆಚ್ಚಿನವರು ಮೊದಲನೆಯದರಿಂದ ಮೂರನೆಯದಕ್ಕೆ ಜಿಗಿಯುತ್ತೇವೆ. "ಇದರಲ್ಲಿ ನನಗೇನಿದೆ" ಎಂಬ ಅವಸರ. ಮನನವಿಲ್ಲದ ಪ್ರಾರ್ಥನೆ ನಿನ್ನೆಯ ಬೇಡಿಕೆ ಪಟ್ಟಿಯನ್ನೇ ಮತ್ತೆ ಓದುತ್ತದೆ.

ಯಾಜಕಕಾಂಡವನ್ನು ಕೈಬಿಡಬೇಡಿ, ಬಾಗಿಲು ಬದಲಿಸಿ. 19ನೇ ಅಧ್ಯಾಯದಿಂದ ಒಳಗೆ ಹೋಗಿ: ಬಡವರಿಗೆ ಹೊಲದ ಅಂಚು ಬಿಡುವುದು, ಸರಿಯಾದ ತಕ್ಕಡಿ, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಮಾತು, ಮೂರೂ ಅಲ್ಲೇ ಇವೆ. ಆಮೇಲೆ 16ರ ದೋಷಪರಿಹಾರದ ದಿನ. ಯಜ್ಞಗಳ ಮೊದಲ ಏಳು ಅಧ್ಯಾಯ ಕೊನೆಗಿರಲಿ.

ಇನ್ನು ನಿಮ್ಮ ಭಾರವಾದ ರಾತ್ರಿ. ಕೀರ್ತನೆಗಳಲ್ಲಿ ಬೇರೆಲ್ಲ ಬಗೆಗಿಂತ ಗೋಳಿನ ಹಾಡುಗಳೇ ಹೆಚ್ಚು. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಆದರೆ ಆರಾಧನೆಯಲ್ಲಿ ಅವನ್ನು ಕೇಳಿ ಎಷ್ಟು ದಿನವಾಯಿತು? ಹಾಡುಗಳೆಲ್ಲ ಜಯದವು, ಸಾಕ್ಷಿಗಳೆಲ್ಲ ಗುಣವಾದವರವು. ಗುಣವಾಗದವರು ಹಿಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟಬೇಕು. ಅವರ ಬಾಯಿಗೆ ಬೇಕಾದ ಮಾತು ಪುಸ್ತಕದ ನಟ್ಟನಡುವೆ ಇದ್ದರೂ ತೆಗೆದು ಕೊಡುವವರಿಲ್ಲ.

ನೀವು 13ನೇ ಕೀರ್ತನೆ ತೆಗೆಯಿರಿ. ಆರೇ ವಚನ. ಮೊದಲ ಎರಡರಲ್ಲೇ "ಎಲ್ಲಿಯವರೆಗೆ" ಎಂದು ನಾಲ್ಕು ಸಲ ಕೇಳಲಾಗಿದೆ. ಮೆಲ್ಲಗಾದರೂ ಸರಿ, ದನಿ ತೆಗೆದು ಕೇಳಿ. ಐದನೆಯದರಲ್ಲಿ ಧಾಟಿ ಬದಲಾಗಿ ಭರವಸೆಗೆ ತಿರುಗುತ್ತದೆ. ಅಲ್ಲಿಗೆ ಹೋಗಲು ನಾಲಿಗೆ ಒಪ್ಪದಿದ್ದರೆ ನಾಲ್ಕಕ್ಕೇ ನಿಲ್ಲಿಸಿ ದೀಪ ಆರಿಸಿ. ಇಡಿಯಾಗಿ ಓದಿ ಎಂದು ಇಷ್ಟುದ್ದ ವಾದಿಸಿದ ನಮ್ಮಿಂದ ಇದೊಂದು ವಿನಾಯಿತಿ. ಉಳಿದೆರಡು ನಾಳೆ ಬೆಳಿಗ್ಗೆಗೆ ಇರಲಿ.