ತಂಬ್ಳಿ ಕೇಳಿದವರಿಗೆ ತಂಬಿಗೆ ನೀರು

ಪತ್ರ: ನಾನು 22 ವರ್ಷದಿಂದ ಟೋಕಿಯೊದ ನಿಶಿಕಸಾಯಿಯಲ್ಲಿದ್ದೇನೆ. ಈಗ 58. ಇಲ್ಲೇ ಮುದುಕರಾಗುವ ನಮ್ಮಂಥ ಪರದೇಶದವರು ಕಷ್ಟಕ್ಕೆ ಒಬ್ಬರಿಗೊಬ್ಬರು ಆಗುವ ಹಾಗೆ ಒಂದು ಕೂಟ ಕಟ್ಟೋಣ ಎಂದರೆ ಗೆಳೆಯರು ನಗುತ್ತಾರೆ. ‘ವಿಮೆಯ ಕಂತು ಕಟ್ಟುತ್ತಿದ್ದೇವಲ್ಲ, ಸರ್ಕಾರ ನೋಡಿಕೊಳ್ಳುತ್ತದೆ’ ಅನ್ನುತ್ತಾರೆ. ಅದೂ ಸರಿಯೇನೋ ಅನ್ನಿಸುತ್ತದೆ. ನೀವೇನನ್ನುತ್ತೀರಿ?

ಉತ್ತರ: ನಿಮ್ಮ ಗೆಳೆಯರ ಮಾತು ಸುಳ್ಳಲ್ಲ. 2000ದ ಏಪ್ರಿಲಿನಲ್ಲಿ ಶುರುವಾದ ಜಪಾನಿನ ಆರೈಕೆ ವಿಮೆ, ಅಲ್ಲಿನವರ ಬಾಯಲ್ಲಿ ಕೈಗೊ ಹೋಕೆನ್, ಒಳ್ಳೆಯ ಏರ್ಪಾಟು. 40 ತುಂಬಿದ ಮೇಲೆ ಪರದೇಶದವರೂ ಕಂತು ಕಟ್ಟುತ್ತಾರೆ. ಮುಂದೆ ಕೈಲಾಗದಾಗ ಮನೆಗೇ ಬಂದು ಸ್ನಾನ ಮಾಡಿಸುತ್ತಾರೆ. ಸಂತೋಷ. ಆದರೆ ಸ್ನಾನ ಮಾಡಿಸಲು ಬಂದವರ ಹತ್ತಿರ ನೀವು ಯಾವ ಭಾಷೆಯಲ್ಲಿ ಮಾತಾಡುತ್ತೀರಿ?

ಇದನ್ನು ಕೇಳುವುದಕ್ಕೆ ಕಾರಣವಿದೆ. ಸಿರ್ಸಿ ಕಡೆಯ ನನ್ನ ಸೋದರತ್ತೆ ಮುಂಬಯಿಯಲ್ಲಿ 40 ವರ್ಷ ಸಂಸಾರ ಮಾಡಿದವರು. ಮರಾಠಿ ನೀರು ಕುಡಿದಷ್ಟು ಸಲೀಸು. ಕೊನೆಗಾಲದಲ್ಲಿ ಮರೆವು ಬಂದು ಮರಾಠಿಯೂ ಹೋಯಿತು, ಹಿಂದಿಯೂ ಹೋಯಿತು. ಉಳಿದದ್ದು ಹವ್ಯಕರ ಮನೆಮಾತು ಮಾತ್ರ. ಆಸ್ಪತ್ರೆಯ ಹಾಸಿಗೆಯಲ್ಲಿ ‘ತಂಬ್ಳಿ, ತಂಬ್ಳಿ’ ಎಂದು ಕೇಳುತ್ತಿದ್ದರು, ಅಂದರೆ ಮಜ್ಜಿಗೆಯ ತಂಬುಳಿ. ನರ್ಸಮ್ಮನಿಗೆ ಅದು ಮರಾಠಿಯ ‘ತಾಂಬ್ಯಾ’ ಎಂದು ಕೇಳಿಸಿ, ಪಾಪ, ಪ್ರತಿ ಸಲವೂ ತಂಬಿಗೆ ತುಂಬ ನೀರು ತಂದಿಡುತ್ತಿದ್ದಳು. ಆಕೆಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ನಾನು ಹೋಗಿ ಒಂದೆಲಗದ ತಂಬ್ಳಿ ಮಾಡಿಸಿಕೊಟ್ಟಾಗ ಅತ್ತೆ ಎರಡೇ ಚಮಚ ಕುಡಿದು, ಲೋಟ ಬಿಡದೆ ಹಿಡಿದುಕೊಂಡೇ ನಿದ್ದೆಹೋದರು.

ತಾವುಚಿ ಚಿಜುಕೊ ಎಂಬ ಜಪಾನಿ ಹೆಂಗಸಿನ ಕಥೆ ಓದಿದಾಗ ನನಗೆ ಅತ್ತೆಯ ಆ ಲೋಟವೇ ನೆನಪಾಯಿತು. ಕೊರಿಯಾದ ಮೋಕ್ಪೊದಲ್ಲಿ ಅಲ್ಲಿಯವನನ್ನೇ ಮದುವೆಯಾಗಿ, ಯುದ್ಧದಲ್ಲಿ ಗಂಡ ಕಾಣೆಯಾದ ಮೇಲೂ ಸುಮಾರು 3,000 ಅನಾಥ ಮಕ್ಕಳನ್ನು ಸಾಕಿದ ತಾಯಿ. ಜೀವಮಾನವೆಲ್ಲ ಕೊರಿಯನ್ ಆಡಿ, 1968ರಲ್ಲಿ ಸಾಯುವ ಹೊತ್ತಿಗೆ ಜಪಾನಿಯಲ್ಲಿ ಕೇಳಿದ್ದು ಉಮೆಬೋಶಿ, ನಮ್ಮ ಉಪ್ಪಿನಕಾಯಿಯಂಥ ಹುಳಿಹಣ್ಣು. ಆಕೆಯ ಮಗ ಯುನ್ ಕಿ, ತಾಯಿಗೆ ಉಮೆಬೋಶಿಯಾದರೆ ಜಪಾನಿನಲ್ಲಿ ಮುದುಕರಾಗುತ್ತಿರುವ ಕೊರಿಯನ್ನರಿಗೆ ಅವರ ಉಪ್ಪಿನಕಾಯಿ ಕಿಮ್ಚಿ ಬೇಡವೇ ಎಂದುಕೊಂಡು ಜನರ ಮುಂದೆ ಕೈಚಾಚಿದರು. 1989ರಲ್ಲಿ ಒಸಾಕಾ ಪಕ್ಕದ ಸಕಾಯಿಯಲ್ಲಿ ಅವರಿಗಾಗಿ ವೃದ್ಧರ ಮನೆ ಎದ್ದು ನಿಂತಿತು. ಅದರ ಹೆಸರೇ ‘ಹುಟ್ಟೂರಿನ ಮನೆ’.

ಸರ್ಕಾರ ನೋಡಿಕೊಳ್ಳುತ್ತದೆ ಅನ್ನುವವರು ಆ ಕೊರಿಯನ್ನರ ಪಾಡನ್ನೂ ತಿಳಿಯಬೇಕು. 1982ರವರೆಗೆ ರಾಷ್ಟ್ರೀಯ ಪಿಂಚಣಿಗೆ ಜಪಾನಿ ಪೌರತ್ವ ಬೇಕಿತ್ತು. ಆ ಷರತ್ತು ಹೋಗುವ ಹೊತ್ತಿಗೆ ಎಷ್ಟೋ ಜನರ ವಯಸ್ಸು ಮೀರಿತ್ತು, ಬರಿಗೈಯಲ್ಲೇ ಉಳಿದರು. ಕಾವಾಸಾಕಿಯ ಕಾರ್ಖಾನೆಗಳ ಮಗ್ಗುಲಿನ ಸಕುರಾಮೋತೊದಲ್ಲಿ 1988ರಿಂದ ಫುರೇಆಯಿಕಾನ್ ಎಂಬ ಕೂಡುಮನೆಯಿದೆ. ಶಾಲೆಯ ಮುಖ ಕಾಣದ ಅಜ್ಜಿಯರು ಅಲ್ಲಿ ಅಕ್ಷರ ಕಲಿತರು, ಕೂಡಿ ಉಂಡರು, ಹಾಡಿದರು. ಇನ್ನೊಂದು ವಿಷಯ. ಒಂಟಿ ಮುದುಕರ ಮನೆಗೆ ಹೋಗಿ ವಿಚಾರಿಸುವ ‘ಮಿನ್‌ಸೇಯಿ ಇಯಿನ್’ ಎಂಬ ಸಂಬಳವಿಲ್ಲದ ಸೇವಕರು ಜಪಾನಿನ ಪ್ರತಿ ಕೇರಿಯಲ್ಲೂ ಇದ್ದಾರೆ. ಮತದಾನದ ಹಕ್ಕಿಲ್ಲದವರು ಆ ಸೇವೆಗೆ ಬರುವಂತಿಲ್ಲ ಎಂಬುದು ಕಾನೂನು. ಪರದೇಶದವರಿಗೆ ಆ ಹಕ್ಕಿಲ್ಲ. ಅಂದರೆ ಜಪಾನಿ ಪೌರತ್ವ ಪಡೆಯದ ನಿಮ್ಮವರು ಹಾಗೆ ನಿಮ್ಮ ಬಾಗಿಲು ತಟ್ಟಲು ದಾರಿಯೇ ಇಲ್ಲ.

ನಿಮ್ಮ ಮೇಲೂ ನನಗೆ ಸ್ವಲ್ಪ ಸಿಟ್ಟಿದೆ. ಗೆಳೆಯರು ನಕ್ಕರೆಂದು ಹಿಂದೆ ಸರಿಯುವ ವಯಸ್ಸೇ ನಿಮ್ಮದು? ಪರದೇಶದ ಕನ್ನಡ ಕೂಟಗಳಿಂದ ನಮಗೆ ಬರುವ ಫೋಟೊಗಳನ್ನು ನೋಡಿ ನೋಡಿ ಸಾಕಾಗಿದೆ: ಶಾಲು, ಹಾರ, ಪೇಟ. ಕೂಟದಲ್ಲಿ ಒಂಟಿಯಾಗಿರುವವರು ಯಾರು, ಕಾಲು ಜಾರಿ ಬಿದ್ದರೆ ಯಾರಿಗೆ ಫೋನ್ ಹೋಗಬೇಕು ಎಂದು ಕೇಳಿದರೆ ಉತ್ತರವಿಲ್ಲ. ಇಲ್ಲೂ ಅಷ್ಟೆ. ಮಲ್ಲೇಶ್ವರದ ನಮ್ಮ ಬೀದಿಯಲ್ಲಿ ಮಕ್ಕಳು ಅಮೆರಿಕದಲ್ಲಿರುವ ಒಬ್ಬ ತಾಯಿ ಜಾರಿಬಿದ್ದದ್ದು ಗೊತ್ತಾದದ್ದು, ಎರಡು ದಿನದ ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಉಳಿದಾಗ. ನಾವು ಅಕ್ಕಪಕ್ಕದವರು ಅದನ್ನು ದಾಟಿಕೊಂಡೇ ವಾಕಿಂಗ್ ಹೋಗಿದ್ದೆವು.

ಕೂಟ ಕಟ್ಟಿ. ಕನ್ನಡದವರು ಹತ್ತೇ ಜನ ಸಿಕ್ಕರೂ ಸಾಕು. ಎದುರುಮನೆಯ ನೇಪಾಳಿಯನ್ನೂ ಮೇಲಿನ ಮಹಡಿಯ ಫಿಲಿಪೀನ್ಸಿನ ಅಕ್ಕನನ್ನೂ ಸೇರಿಸಿಕೊಳ್ಳಿ, ನಡುರಾತ್ರಿ ಬೇಗ ಬರುವವರು ಅವರೇ. ಈ ನವೆಂಬರಿನ ರಾಜ್ಯೋತ್ಸವದ ದಿನ ಬಾಗಿಲ ಬಳಿ ಒಂದು ನೋಟ್‌ಬುಕ್ ಇಡಿ. ಹೆಸರು, ದಿನಾ ನುಂಗುವ ಮಾತ್ರೆ, ಮನೆಯ ಇನ್ನೊಂದು ಕೀಲಿಕೈ ಯಾರ ಹತ್ತಿರವಿದೆ, ಆಸ್ಪತ್ರೆಯ ಕಾಗದ ಯಾರು ಓದಿ ಹೇಳುತ್ತಾರೆ ಎಂದು ಬರೆಸಿಕೊಳ್ಳಿ. ಜ್ವರ ಬಂದಾಗ ಏನು ತಿನ್ನಬೇಕು ಅನ್ನಿಸುತ್ತದೆ ಎಂಬುದಕ್ಕೂ ಒಂದು ಸಾಲು ಬಿಡಿ. ಮೊದಲ ಪುಟದಲ್ಲಿ ನಿಮ್ಮದೇ ಹೆಸರಿರಲಿ.

— ಸಂ.