ಸಮುದ್ರ ಯಾವತ್ತೂ ಕುದಿಯಲಿಲ್ಲವಲ್ಲ

ನಮಸ್ಕಾರ.

ಮಕ್ಕಳ ಪುಟಕ್ಕೆ ನೀವು ಕಳಿಸಿದ 'ನೀರಿನ ಮೂರು ರೂಪಗಳು' ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಕಾಗುಣಿತ ತಪ್ಪಿಲ್ಲ, ಹೇಳಿದಷ್ಟು ಉದ್ದಕ್ಕೇ ಮುಗಿಸಿದ್ದೀರಿ. ಸಂತೋಷ. ಆದರೆ ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂತು. ಸುಮ್ನೆ ಮುಚ್ಚಿಡುವುದು ಯಾಕೆ?

'ನೀರನ್ನು 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಅದು ಆವಿಯಾಗುತ್ತದೆ' ಎಂದು ಬರೆದಿದ್ದೀರಿ. ಅದರ ಬೆನ್ನಿಗೇ, 'ಬಿಸಿಲಿಗೆ ಸಮುದ್ರದ ನೀರು ಆವಿಯಾಗಿ ಮೋಡವಾಗುತ್ತದೆ.' ಎರಡನ್ನೂ ಒಟ್ಟಿಗೆ ಓದಿ ನೋಡಿ. ಮೇ ತಿಂಗಳಲ್ಲಿ ಅರಬ್ಬಿ ಸಮುದ್ರದ ಮೇಲಿನ ನೀರು 30 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಕಾರವಾರದ ಹುಡುಗರು ಅದರಲ್ಲಿ ಈಜಾಡಿ ಆರಾಮಾಗಿ ಮನೆಗೆ ಹೋಗುತ್ತಾರೆ. ನಿಮ್ಮ ಮೊದಲ ಸಾಲು ನಿಜವಾದರೆ ಮಲೆನಾಡಿಗೆ ಮಳೆ ಎಲ್ಲಿಂದ ಬರಬೇಕು? ಹಿತ್ತಲಲ್ಲಿ ಹರವಿದ ಬಟ್ಟೆ ಒಣಗುವುದು ಹೇಗೆ?

ಆವಿಯಾಗುವುದೇ ಬೇರೆ, ಕುದಿಯುವುದೇ ಬೇರೆ. ನೀರಿನ ಅಣುಗಳೆಲ್ಲ ಒಂದೇ ವೇಗದಲ್ಲಿ ಓಡಾಡುವುದಿಲ್ಲ. ಮೇಲ್ಮೈಯಲ್ಲಿರುವ ಕೆಲವು ಚುರುಕು ಅಣುಗಳು, ನೀರು ತಣ್ಣಗಿದ್ದರೂ, ಗಾಳಿಗೆ ಹಾರಿಹೋಗುತ್ತಲೇ ಇರುತ್ತವೆ. ಚುರುಕಿನವು ಹೋದ ಮೇಲೆ ಉಳಿದ ನೀರು ತಂಪಾಗುತ್ತದೆ. ಬೇಸಿಗೆಯಲ್ಲಿ ಮಡಕೆ ನೀರು ತಣ್ಣಗಿರುವುದು ಇದರಿಂದಲೇ. ಕುದಿಯುವಾಗ ಹಾಗಲ್ಲ, ನೀರಿನ ಒಳಗೇ ಆವಿಯ ಗುಳ್ಳೆ ಏಳುತ್ತದೆ. ಮೇಲಿನ ಗಾಳಿಯ ಒತ್ತಡಕ್ಕೆ ಜಗ್ಗದಷ್ಟು ಬಲ ಆ ಗುಳ್ಳೆಗೆ ಬೇಕು. ಎತ್ತರಕ್ಕೆ ಹೋದಷ್ಟೂ ಈ ಒತ್ತಡ ಕಡಿಮೆ, ಅಲ್ಲಿ ಕಡಿಮೆ ಬಿಸಿಗೇ ಆ ಬಲ ಬಂದುಬಿಡುತ್ತದೆ. ಹಾಗಾಗಿ ನಿಮ್ಮ 100 ಕೂಡ ಸಮುದ್ರಮಟ್ಟದ ಲೆಕ್ಕ. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ 97ರ ಹೊತ್ತಿಗೇ ಕುದಿ ಬರುತ್ತದೆ. ಇನ್ನೂ ಎಷ್ಟೋ ಎತ್ತರದಲ್ಲಿರುವ ಲಡಾಖಿನ ಲೇಹ್‌ನಲ್ಲಿ 88ರ ಸುತ್ತಮುತ್ತ. ನೀವು ಬರೆದಿರುವುದು ಬೆಂಗಳೂರಿನಿಂದಲೇ ಅಲ್ವಾ?

ಇನ್ನೊಂದು ಸಾಲು: 'ಇಡ್ಲಿ ಪಾತ್ರೆಯಿಂದ ಬಿಳಿ ಆವಿ ಮೇಲೇಳುತ್ತದೆ.' ಆವಿ ಕಣ್ಣಿಗೆ ಕಾಣುವುದೇ ಇಲ್ಲ. ನಾನು ಪತ್ರಿಕೆಗೆ ಸೇರಿದ ಹೊಸದರಲ್ಲಿ ವಿಜ್ಞಾನ ಪುಟ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿದ್ದರು. ಹೊಸಬರ ಬರಹದಲ್ಲಿ ಇಂಥ ಸಾಲು ಕಂಡರೆ ವಾದಕ್ಕೆ ಇಳಿಯುತ್ತಿರಲಿಲ್ಲ, ಕ್ಯಾಂಟೀನಿಗೆ ಕರೆದುಕೊಂಡು ಹೋಗುತ್ತಿದ್ದರು. ತಳಮಳ ಕುದಿಯುವ ಕೆಟಲಿನ ಮೂತಿ ತೋರಿಸಿ, 'ಇಲ್ಲೇನು ಕಾಣುತ್ತೆ ಹೇಳಪ್ಪ' ಎನ್ನುತ್ತಿದ್ದರು. ಮೂತಿಗೆ ತಾಗಿದ ಹಾಗೆ ಒಂದಿಷ್ಟು ಜಾಗ ಖಾಲಿ, ಅದರಾಚೆಗೆ ಬಿಳಿ. ಆ ಖಾಲಿ ಜಾಗದಲ್ಲಿರುವುದೇ ಆವಿ. ಬಿಳಿಯಾಗಿ ಕಾಣುವುದು ಗಾಳಿಗೆ ತಣಿದು ಮತ್ತೆ ನೀರಾದ ಸಣ್ಣ ಹನಿಗಳು. ಮೋಡದಲ್ಲಿ ತೇಲುವುದೂ ಇಂಥವೇ. ಪಾಠ ಅವರದು, ಟೀ ದುಡ್ಡು ಮಾತ್ರ ನಮ್ಮದು. ನಾನು ಬರೆಯುವುದನ್ನು ಕಲಿತಿದ್ದು ಜಾಸ್ತಿ ಆ ಕ್ಯಾಂಟೀನಿನಲ್ಲೇ.

ಮಂಜುಗಡ್ಡೆಯ ಭಾಗ ಇದ್ದ ಹಾಗೇ ಇರಲಿ. ಈ ಎರಡು ಪ್ಯಾರಾಗಳನ್ನು ಮಾತ್ರ ಹೊಸದಾಗಿ ಬರೆಯಿರಿ. ಅದಕ್ಕೂ ಮೊದಲು ಶಾಲೆಯ ಲ್ಯಾಬಿನಿಂದ ಒಂದು ಥರ್ಮಾಮೀಟರ್ ತಂದು ಕುದಿಯುವ ನೀರಿಗೆ ಇಳಿಬಿಡಿ. ಜ್ವರ ನೋಡುವುದು ಬೇಡ, ಒಡೆದೀತು. ಅದು ಎಷ್ಟು ತೋರಿಸುತ್ತದೋ ಅಷ್ಟನ್ನೇ ಬರೆದು ಕಳಿಸಿ. ಪುಟದಲ್ಲಿ ಜಾಗ ಇಟ್ಟಿರುತ್ತೇನೆ.