ಬಸಿರಿನಲ್ಲಿ ಟ್ರ್ಯಾಂಪೊಲಿನ್: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ನನಗೀಗ 14 ವಾರ, ಚೊಚ್ಚಲ ಬಸಿರು. ಎರಡು ವರ್ಷಗಳಿಂದ ಮನೆಯಲ್ಲೇ ಪುಟ್ಟ ಟ್ರ್ಯಾಂಪೊಲಿನ್ ಮೇಲೆ ದಿನವೂ ಅರ್ಧ ಗಂಟೆ ಜಿಗಿಯುವ ರೂಢಿ ಇದೆ. ಓಟಕ್ಕೆ ಹೋಲಿಸಿದರೆ ಇದರಲ್ಲಿ ಕೀಲುಗಳಿಗೆ ಪೆಟ್ಟು ಕಡಿಮೆ ಎಂದು ಓದಿದ್ದೇನೆ. ಜಿಗಿತದ ಕುಲುಕಾಟಕ್ಕೆ ಮಾಸು ಕಳಚಿಕೊಳ್ಳುತ್ತದೆ ಎಂದು ಮನೆಯವರು ಹೆದರುತ್ತಾರೆ. ಮುಂದುವರಿಸಬಹುದೇ?

ಉತ್ತರ: ಹೆರಿಗೆಯಾಗಿ ಕೆಲವು ತಿಂಗಳು ಕಳೆಯುವವರೆಗೆ ಜಿಗಿತವನ್ನು ನಿಲ್ಲಿಸಿ, ಆದರೆ ವ್ಯಾಯಾಮವನ್ನು ನಿಲ್ಲಿಸಬೇಡಿ. ಈ ಎರಡು ಮಾತನ್ನೂ ನಾನು ಒಟ್ಟಿಗೇ ಹೇಳಬೇಕಾಗಿದೆ, ಏಕೆಂದರೆ ಮೊದಲನೆಯದನ್ನು ಮಾತ್ರ ಮನಸ್ಸಿಗೆ ತೆಗೆದುಕೊಂಡು ಹೆರಿಗೆಯವರೆಗೂ ಕೂತಲ್ಲೇ ಇರುವ ಗರ್ಭಿಣಿಯರು ಬಹಳ ಮಂದಿ. ಅದರಿಂದ ಆಗುವ ಹಾನಿಯೂ ಸಣ್ಣದಲ್ಲ.

ನಿಮ್ಮ ಮನೆಯವರು ಬೇಡವೆನ್ನುವುದು ಸರಿಯೇ. ಅದಕ್ಕೆ ಅವರು ಕೊಡುವ ಕಾರಣ ಮಾತ್ರ ಸರಿಯಲ್ಲ. ಸುಮಾರು 12 ವಾರದವರೆಗೆ ಗರ್ಭಕೋಶವು ಕಟಿಯ ಎಲುಬುಗಳ ಆವರಣದೊಳಗೇ ಇರುತ್ತದೆ. ಆಮೇಲೆ ಹೊಟ್ಟೆಯ ಕಡೆಗೆ ಏರುತ್ತಾ 20ನೇ ವಾರದ ಹೊತ್ತಿಗೆ ಹೊಕ್ಕುಳಿನ ಮಟ್ಟಕ್ಕೆ ಬರುತ್ತದೆ. ಆಗಲೂ ಮಗುವಿನ ಸುತ್ತ ಗರ್ಭಜಲ, ಅದರ ಸುತ್ತ ದಪ್ಪ ಸ್ನಾಯುವಿನ ಗೋಡೆ ಇದ್ದು, ಆರೋಗ್ಯವಂತ ಬಸುರಿಯ ಮಾಸು ಬರಿಯ ಕುಲುಕಾಟಕ್ಕೆ ಕಳಚುವುದಿಲ್ಲ. ಅಪಾಯ ಇರುವುದು ಬೀಳುವುದರಲ್ಲಿ. ಹೊಟ್ಟೆಗೆ ಬಲವಾದ ಏಟು ಬಿದ್ದಾಗ ಗರ್ಭಕೋಶದ ಗೋಡೆ ಹಿಗ್ಗಿ ಆಕಾರ ಬದಲಿಸಬಲ್ಲದು, ಆದರೆ ಅದಕ್ಕೆ ಅಂಟಿಕೊಂಡಿರುವ ಮಾಸಿಗೆ ಅಷ್ಟು ಹಿಗ್ಗುವ ಗುಣವಿಲ್ಲ. ಹಾಗಾಗಿ ಎರಡೂ ಸೇರುವ ಜಾಗದಲ್ಲಿ ಎಳೆತ ಉಂಟಾಗಿ ಮಾಸು ಅವಧಿಗೆ ಮೊದಲೇ ಬಿಟ್ಟುಕೊಳ್ಳಬಹುದು. ಇದು ತಾಯಿ ಮಗು ಇಬ್ಬರ ಜೀವಕ್ಕೂ ಎರವಾಗಬಲ್ಲ ಸ್ಥಿತಿ.

ಇನ್ನು ಬೀಳುವ ಸಾಧ್ಯತೆ ಎಷ್ಟು ಎಂಬ ಮಾತು. ಹೊಟ್ಟೆ ಬೆಳೆದಂತೆ ದೇಹದ ಭಾರ ಮುಂದಕ್ಕೆ ವಾಲುತ್ತದೆ, ಬೆನ್ನಿನ ಕೆಳಭಾಗದ ಬಾಗು ಹೆಚ್ಚುತ್ತದೆ, ಕಾಲಡಿ ಏನಿದೆಯೆಂಬುದು ಕಾಣಿಸುವುದಿಲ್ಲ. ರಿಲ್ಯಾಕ್ಸಿನ್ ಮುಂತಾದ ಹಾರ್ಮೋನುಗಳು ಕೀಲುಗಳನ್ನು ಬಿಗಿಯಾಗಿ ಹಿಡಿದಿಡುವ ರಜ್ಜುಗಳನ್ನು ಸಡಿಲಿಸುತ್ತವೆ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯ ಪ್ರಕಾರ ಗರ್ಭಿಣಿಯರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಮಂದಿ ಆ ಅವಧಿಯಲ್ಲಿ ಒಮ್ಮೆಯಾದರೂ ಬಿದ್ದಿದ್ದರು, ಅದೂ ದಿನನಿತ್ಯದ ಓಡಾಟದಲ್ಲಿ. ನೆಲ ಗಟ್ಟಿಯಾಗಿದ್ದಾಗಲೇ ಹೀಗಿರುವಾಗ, ಕಾಲಿಟ್ಟಲ್ಲೆಲ್ಲ ಕುಸಿದು ಮತ್ತೆ ಮೇಲಕ್ಕೆ ತಳ್ಳುವ ಹಾಸಿನ ಮೇಲೆ ಸಮತೋಲನ ಕಾಯ್ದುಕೊಳ್ಳುವುದು ಎಷ್ಟು ಕಷ್ಟವೆಂದು ನೀವೇ ಯೋಚಿಸಿ. ಎರಡು ವರ್ಷದ ಅಭ್ಯಾಸವಿದೆ ಎಂಬ ಧೈರ್ಯವೂ ಇಲ್ಲಿ ಪೂರ್ತಿ ನೆರವಾಗದು. ಆ ಅಭ್ಯಾಸ ಆದದ್ದು ಬೇರೆ ತೂಕದ, ಬೇರೆ ಆಕಾರದ ದೇಹಕ್ಕೆ.

ಕೀಲುಗಳಿಗೆ ಪೆಟ್ಟು ಕಡಿಮೆ ಎಂಬ ಮಾತಿನ ಜೊತೆಗೆ ಸಾಮಾನ್ಯವಾಗಿ ಕೇಳಿಬರುವುದು ನಾಸಾ ವಿಜ್ಞಾನಿಗಳ ಹೆಸರು. ಅವರು 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಓಡುವಾಗ ಮತ್ತು ಟ್ರ್ಯಾಂಪೊಲಿನ್ ಮೇಲೆ ಜಿಗಿಯುವಾಗ ಪಾದದ ಗಂಟು, ಬೆನ್ನು, ತಲೆ ಈ ಮೂರು ಕಡೆ ಬೀಳುವ ವೇಗೋತ್ಕರ್ಷವನ್ನು ಅಳೆಯಲಾಗಿತ್ತು. ಓಟದಲ್ಲಿ ಪಾದದ ಗಂಟಿನ ಮೇಲೆ ಬೀಳುವುದು ಬೆನ್ನು ಮತ್ತು ತಲೆಯ ಮೇಲೆ ಬೀಳುವುದರ ಎರಡರಷ್ಟಕ್ಕಿಂತ ಹೆಚ್ಚಾಗಿದ್ದರೆ, ಜಿಗಿತದಲ್ಲಿ ಅದು ಮೂರೂ ಕಡೆ ಹೆಚ್ಚುಕಡಿಮೆ ಸಮನಾಗಿತ್ತು. ಇದರಿಂದ ತಿಳಿಯುವುದು ಕಾಲಿಗೆ ಸಿಗುವ ರಿಯಾಯಿತಿ ಮಾತ್ರ. ಜಿಗಿತದ ಪಾಲು ಮುಂಡಕ್ಕೂ ತಲುಪುತ್ತದೆ ಎಂಬುದು ಅದೇ ಅಳತೆಗಳಲ್ಲಿ ಇದೆ. ಅಲ್ಲಿ ಜಿಗಿದವರು ಯುವಕರು ಎಂಬುದನ್ನೂ ಗರ್ಭಿಣಿಯರು ಗಮನಿಸಬೇಕು.

ಯುವಕರಿಗಿಲ್ಲದ ತೊಂದರೆಯೊಂದು ನಿಮಗಿದೆ. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಆತು ಹಿಡಿದಿರುವ ಶ್ರೋಣಿಯ ತಳದ ಸ್ನಾಯುಗಳು ಬಸಿರಿನಲ್ಲಿ ದಿನವಿಡೀ ಭಾರ ಹೊತ್ತಿರುತ್ತವೆ, ಮತ್ತು ಪ್ರತಿ ಜಿಗಿತದಲ್ಲೂ ಇಳಿಯುವ ಕ್ಷಣದಲ್ಲಿ ಆ ಭಾರ ಹೆಚ್ಚಾಗುತ್ತದೆ. ಸ್ವೀಡನ್‌ನಲ್ಲಿ ಉನ್ನತ ಮಟ್ಟದ ಟ್ರ್ಯಾಂಪೊಲಿನ್ ಕ್ರೀಡಾಪಟುಗಳಾದ ಹುಡುಗಿಯರು ಮತ್ತು ಯುವತಿಯರನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಶೇ 80ರಷ್ಟು ಮಂದಿ ಜಿಗಿಯುವಾಗ ಮೂತ್ರ ಸೋರುತ್ತದೆ ಎಂದು ಹೇಳಿಕೊಂಡಿದ್ದರು. ಅವರಲ್ಲಿ ಒಬ್ಬರೂ ಹೆತ್ತವರಲ್ಲ. ಹೆರದ, ತರಬೇತಾದ ದೇಹಕ್ಕೇ ಇದು ಹೊರೆಯಾಗುವುದಾದರೆ ನಿಮ್ಮ ದೇಹಕ್ಕೆ ಈ ಹೊರೆ ಈಗ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಸೋರಿಕೆಯ ವಿಷಯವನ್ನು ನಾಚಿಕೆಯಿಂದ ಮುಚ್ಚಿಡುವ ಮಹಿಳೆಯರು ಅನೇಕರಿದ್ದಾರೆ. ದಯವಿಟ್ಟು ನಿಮ್ಮ ವೈದ್ಯರಿಗೆ ಹೇಳಿ, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಬದಲಿಗೆ ಏನು ಮಾಡಬೇಕು? ಅಮೆರಿಕದ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಕಾಲೇಜು ಹಾಗೂ ವಿಶ್ವ ಆರೋಗ್ಯ ಸಂಸ್ಥೆ ಎರಡೂ 2020ರಲ್ಲಿ ನೀಡಿದ ಮಾರ್ಗಸೂಚಿಗಳಲ್ಲಿ, ತೊಡಕುಗಳಿಲ್ಲದ ಗರ್ಭಿಣಿಯರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ತೀವ್ರತೆಯ ವ್ಯಾಯಾಮ ಮಾಡಬೇಕು ಎಂದಿವೆ. ಬೀಳುವ ಅಪಾಯ ಹೆಚ್ಚಿರುವ ಚಟುವಟಿಕೆಗಳು ಬೇಡವೆಂಬ ಸಲಹೆಯೂ ಇದೆ. ಬಿರುಸಿನ ನಡಿಗೆ, ಈಜು, ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ ಇವೆಲ್ಲ ಆಗುತ್ತವೆ. ವ್ಯಾಯಾಮದ ನಡುವೆ ಮಾತನಾಡಲು ಸಾಧ್ಯವಾಗುವಷ್ಟು ಉಸಿರು ಉಳಿದಿದ್ದರೆ ತೀವ್ರತೆ ಸರಿಯಾಗಿದೆ ಎಂದು ತಿಳಿಯಿರಿ. ಹಿಡಿಕೆ ಇರುವ ಟ್ರ್ಯಾಂಪೊಲಿನ್ ಮೇಲೆ ಪಾದಗಳನ್ನು ಹಾಸಿನಿಂದ ಎತ್ತದೆ ಮೆಲ್ಲಗೆ ತೂಗಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಅದರಲ್ಲಿ ಅಪಾಯ ಕಡಿಮೆ, ನಿಜ. ಆದರೆ ಅಷ್ಟೇ ಪ್ರಯೋಜನ ನೆಲದ ಮೇಲೂ ಸಿಗುವಾಗ ಹತ್ತಿ ಇಳಿಯುವ ಅಪಾಯವನ್ನಾದರೂ ಏಕೆ ತಂದುಕೊಳ್ಳಬೇಕು? ಮಾಸು ಗರ್ಭಕೋಶದ ಬಾಯಿಗೆ ಅಡ್ಡಲಾಗಿದ್ದರೆ, ರಕ್ತಸ್ರಾವ ಆಗುತ್ತಿದ್ದರೆ, ಗರ್ಭಕೊರಳಿಗೆ ಹೊಲಿಗೆ ಹಾಕಿದ್ದರೆ ಅಥವಾ ಬಸಿರಿನ ರಕ್ತದೊತ್ತಡ ಇದ್ದರೆ ಯಾವ ವ್ಯಾಯಾಮಕ್ಕೂ ಮೊದಲು ನಿಮ್ಮ ವೈದ್ಯರನ್ನು ಕೇಳಬೇಕು.

ಪ್ರಶ್ನೆ: ಬಸಿರಾಗಿರುವುದು ಗೊತ್ತಿಲ್ಲದೆ ಐದನೇ ವಾರದಲ್ಲಿ ಮಗನ ಜೊತೆ ದೊಡ್ಡ ಟ್ರ್ಯಾಂಪೊಲಿನ್ ಮೇಲೆ ತುಂಬಾ ಹೊತ್ತು ಕುಣಿದೆ. ಅಂದಿನಿಂದ ನಿದ್ದೆಯಿಲ್ಲ. ಗರ್ಭಪಾತವಾಗುತ್ತದೆಯೇ?

ಉತ್ತರ: ಆ ಕುಣಿತದಿಂದ ಆಗುವುದಿಲ್ಲ. ಆಗ ಭ್ರೂಣ ಕೆಲವೇ ಮಿಲಿಮೀಟರ್ ಗಾತ್ರದ್ದಾಗಿದ್ದು ಕಟಿಯ ಎಲುಬುಗಳ ಮರೆಯಲ್ಲಿ ಆಳವಾಗಿ ಕುಳಿತಿರುತ್ತದೆ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ವರ್ಣತಂತುಗಳ ದೋಷ ಕಾರಣ. ಅದು ಗರ್ಭ ಕಟ್ಟುವ ಹೊತ್ತಿಗೇ ನಿರ್ಧಾರವಾಗಿರುತ್ತದೆ. ಮುಂದೆ ಅಕಸ್ಮಾತ್ ಏನಾದರೂ ಆದರೂ ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ, ಬೇರೆಯವರು ದೂಷಿಸಲೂ ಬಿಡಬೇಡಿ. ರಕ್ತಸ್ರಾವ, ಹೊಟ್ಟೆನೋವು ಇಲ್ಲದಿದ್ದರೆ ಈ ಕಾರಣಕ್ಕಾಗಿಯೇ ಸ್ಕ್ಯಾನ್ ಮಾಡಿಸಬೇಕಿಲ್ಲ. ಆದರೆ ಇನ್ನು ಹತ್ತಬೇಡಿ. ಟ್ರ್ಯಾಂಪೊಲಿನ್ ಗಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಒಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ಜಿಗಿಯುವಾಗ ಆಗುತ್ತವೆ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ; ಇನ್ನೊಬ್ಬರ ಜಿಗಿತ ನಿಮ್ಮನ್ನು ಯಾವ ದಿಕ್ಕಿಗೆ ಎಸೆಯುತ್ತದೆಂಬುದು ನಿಮ್ಮ ಕೈಯಲ್ಲಿರುವುದಿಲ್ಲ.

ಪ್ರಶ್ನೆ: 26 ವಾರದ ನನ್ನ ಹೆಂಡತಿ ಮಕ್ಕಳ ಟ್ರ್ಯಾಂಪೊಲಿನ್‌ನಿಂದ ಇಳಿಯುವಾಗ ಜಾರಿ ಹೊಟ್ಟೆ ತಗಲುವಂತೆ ಬಿದ್ದಳು. ನೋವಿಲ್ಲ ಎನ್ನುತ್ತಾಳೆ. ಕಾಯಬಹುದೇ?

ಉತ್ತರ: ಕಾಯಬೇಡಿ, ಇದನ್ನು ಓದಿದ ಕೂಡಲೇ ಹೆರಿಗೆ ವಿಭಾಗವಿರುವ ಆಸ್ಪತ್ರೆಗೆ ಹೋಗಿ. ಮಾಸು ಬಿಟ್ಟುಕೊಂಡಾಗ ರಕ್ತ ಕೆಲವೊಮ್ಮೆ ಒಳಗೇ ನಿಲ್ಲುವುದರಿಂದ ಹೊರಗೆ ಏನೂ ಕಾಣದಿರಬಹುದು. ಇಂಥ ಪೆಟ್ಟಿನ ನಂತರ ಮಗುವಿನ ಎದೆಬಡಿತ ಮತ್ತು ಗರ್ಭಕೋಶದ ಬಿಗಿತವನ್ನು ಕನಿಷ್ಠ 4 ಗಂಟೆ ಗಮನಿಸುವುದು ವಾಡಿಕೆ. ಆಕೆಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದರೆ ತಪ್ಪದೆ ತಿಳಿಸಿ. ಮಗುವಿನ ರಕ್ತದ ವಿರುದ್ಧ ತಾಯಿಯ ದೇಹ ಪ್ರತಿಕಾಯಗಳನ್ನು ಬೆಳೆಸಿಕೊಳ್ಳದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು ಬೇಕಾದರೆ ಅದನ್ನು ಬಿದ್ದ 72 ಗಂಟೆಯೊಳಗೆ ಕೊಡಬೇಕು. ಮನೆಗೆ ಬಂದ ಮೇಲೂ ರಕ್ತ ಅಥವಾ ನೀರು ಹೋದರೆ, ಹೊಟ್ಟೆ ಗಟ್ಟಿಯಾಗಿ ನೋಯತೊಡಗಿದರೆ, ಮಗುವಿನ ಚಲನೆ ತಗ್ಗಿದಂತೆನಿಸಿದರೆ ಹೊತ್ತು ಯಾವುದೇ ಇರಲಿ, ಮತ್ತೆ ಹೋಗಿ.

ಪ್ರಶ್ನೆ: ಹೆರಿಗೆಯ ನಂತರ ಯಾವಾಗ ಮತ್ತೆ ಜಿಗಿಯಬಹುದು?

ಉತ್ತರ: ಬ್ರಿಟನ್ನಿನ ಫಿಸಿಯೋಥೆರಪಿ ತಜ್ಞರು 2019ರಲ್ಲಿ ರೂಪಿಸಿದ ಮಾರ್ಗಸೂಚಿ ಹೆರಿಗೆಯ ನಂತರ 3 ತಿಂಗಳಿಗೆ ಮೊದಲು ಓಟ ಬೇಡವೆನ್ನುತ್ತದೆ, ಜಿಗಿತಕ್ಕೂ ಅದನ್ನೇ ಅತಿ ಕಡಿಮೆ ಅವಧಿಯೆಂದು ಇಟ್ಟುಕೊಳ್ಳಿ, ಸಿಸೇರಿಯನ್ ಆಗಿದ್ದರೂ ಇದೇ ಮಾತು. ಅಷ್ಟು ಕಾಲ ಕಳೆದ ಮೇಲೆ 30 ನಿಮಿಷ ನಡೆದು ನೋಡಿ, ಪ್ರತಿ ಕಾಲಿನ ಮೇಲೂ 10 ಸೆಕೆಂಡು ನಿಂತು ನೋಡಿ, ನಿಂತಲ್ಲೇ ಒಂದು ನಿಮಿಷ ಮೆಲ್ಲಗೆ ಓಡಿ ನೋಡಿ. ಇವುಗಳಲ್ಲಿ ಯಾವುದರಲ್ಲಾದರೂ ಮೂತ್ರ ಸೋರಿದರೆ, ನೋವಾದರೆ ಅಥವಾ ಕೆಳಗೆ ಏನೋ ಜಗ್ಗಿದಂತೆ ಭಾರವೆನಿಸಿದರೆ ಟ್ರ್ಯಾಂಪೊಲಿನ್ ಹತ್ತುವ ಮೊದಲು ಶ್ರೋಣಿಯ ಸ್ನಾಯುಗಳ ಚಿಕಿತ್ಸೆಯಲ್ಲಿ ಪಳಗಿದ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕಾಣಿರಿ.